ರೀಸ್ ಪ್ರೊಥರೋನನ್ನು ಹುಡುಕಿದ್ದು

ಡ್ರೈ ಫೋರ್ಕ್, ಕಾನ್ಸಾಸ್
ಸೆಪ್ಟೆಂಬರ್ ೯, ೧೯೧೭

ಮಾನ್ಯ ಮ್ಯಾಲನ್ ಯಾರ್ನಲ್ ಅವರಿಗೆ,

ನಿಮಗೆ ನನ್ನ ಪರಿಚಯವಿಲ್ಲ. ಬ್ರೂಕ್‌ಎಂಡ್ ಕ್ವೇಕರ್ ಪಂಥದ ಸಭೆಯ ಹಳೆಯ ಪುಸ್ತಕಗಳು ನಿಮ್ಮ ಮನೆಯಲ್ಲಿವೆ ಎಂದು ತಿಳಿದು ಬರೆಯುತ್ತಿದ್ದೇನೆ. ನಾನು ಓರ್ಪಾ ಪ್ರೊಥರೋ, ಈ ಊರಿನ ಶಾಲೆಯಲ್ಲಿ ಪಾಠ ಹೇಳುತ್ತೇನೆ. ನಮ್ಮ ತಂದೆ ಏಸಾ ಹುಟ್ಟಿದ್ದು ನಿಮ್ಮ ಬ್ರೂಕ್‌ಎಂಡಿನಲ್ಲಿ. ೧೮೫೭ರಲ್ಲಿ ನಮ್ಮ ಅಜ್ಜ ಟೋಬಿಯಸ್ ಗಾಡಿ ಕಟ್ಟಿಕೊಂಡು ಸಂಸಾರ ಸಮೇತ ಈ ಕಡೆ ಬಂದರು. ಇಲ್ಲಿ ಸುತ್ತಮುತ್ತ ಕ್ವೇಕರರ ಸಭೆಯೇ ಇರಲಿಲ್ಲ, ಈಗಲೂ ಇಲ್ಲ. ಭಾನುವಾರ ಅಡುಗೆಮನೆಯಲ್ಲಿ ಎಲ್ಲರೂ ಒಂದು ಗಂಟೆ ಮಾತಿಲ್ಲದೆ ಕೂತುಕೊಳ್ಳುತ್ತಿದ್ದೆವು. ಅದೇ ನಮ್ಮ ಪ್ರಾರ್ಥನೆಯಾಗಿತ್ತು.

ನಮ್ಮ ಮನೆತನದಲ್ಲಿ ಸಮುದ್ರ ದಾಟಿ ಬಂದ ಮೊದಲನೆಯವರು ರೀಸ್ ಪ್ರೊಥರೋ, ವೇಲ್ಸ್‌ನವರು, ಕ್ವೇಕರ್ ಎಂದು ತಂದೆ ಹೇಳುತ್ತಿದ್ದರು. ಅವರ ವಿಷಯ ನಿಮ್ಮ ಪುಸ್ತಕಗಳಲ್ಲಿ ಏನಿದೆ ಎಂದು ತಿಳಿಯುವ ಆಸೆ. ನಮ್ಮ ಕುತೂಹಲಕ್ಕೆ, ಅಷ್ಟೆ.

ಒಂದು ವಿನಂತಿ. ಸಿಕ್ಕಿದ್ದನ್ನು ನಿಮ್ಮ ಸಹಿಯೊಂದಿಗೆ ಬರೆದು, ದಯವಿಟ್ಟು ನೇರವಾಗಿ ನಮ್ಮ ಜಿಲ್ಲಾ ಕಚೇರಿಯ ಗುಮಾಸ್ತರಿಗೇ ಕಳುಹಿಸಿ. ವಿಳಾಸ ಕೆಳಗಿದೆ. ನನ್ನ ಕೈಗೆ ಬಂದರೆ ನಾನೇ ಬರೆದುಕೊಂಡೆ ಎಂದಾರು. ಆದಷ್ಟು ಬೇಗ ಕಳುಹಿಸಿದರೆ ದೊಡ್ಡ ಉಪಕಾರ.

ತಮ್ಮ ವಿಶ್ವಾಸಿ,
ಓರ್ಪಾ ಪ್ರೊಥರೋ


ಬ್ರೂಕ್‌ಎಂಡ್, ಪೆನ್ಸಿಲ್ವೇನಿಯ
ಒಂಬತ್ತನೇ ತಿಂಗಳು ೨೪, ೧೯೧೭

ಓರ್ಪಾ ಪ್ರೊಥರೋ,

ನಿನ್ನ ಕಾಗದ ತಲುಪಿತು. 'ನಿನ್ನ' ಎಂದದ್ದಕ್ಕೆ ಮುಖ ಸಿಂಡರಿಸಬೇಡ. ನಾವು ರಾಜನಿಗೂ ನೀನು ಎಂದೇ ಹೇಳುವವರು, ಅದಕ್ಕೆ ನಮ್ಮ ಹಿರಿಯರು ಸಾಕಷ್ಟು ಒದೆಯನ್ನೂ ತಿಂದಿದ್ದಾರೆ. ಯಾರ ಮುಂದೆಯೂ ಟೊಪ್ಪಿ ತೆಗೆಯುವುದಿಲ್ಲ, ತಿಂಗಳಿಗೂ ಹೆಸರು ಹೇಳದೆ ಎಣಿಸಿಯೇ ಬರೆಯುತ್ತೇವೆ. ನೀನು 'ಮಾನ್ಯ' ಎಂದು ಬರೆದದ್ದನ್ನು ನೋಡಿ ನಮ್ಮ ಅಕ್ಕ ಟೇಸಿ ನಕ್ಕು ನಕ್ಕು ಸುಸ್ತಾದಳು. "ನಿನಗೆ ಮಾನ ಅನ್ನೋದೊಂದಿದೆ ಅಂತ ಕಾನ್ಸಾಸಿನವರಿಗೆ ಯಾರಪ್ಪಾ ಹೇಳಿದ್ದು?" ಎಂದಳು.

ಈ ವರ್ಷ ದೇಶ ಯುದ್ಧಕ್ಕೆ ಇಳಿದಾಗಿನಿಂದ ಎಲ್ಲೆಲ್ಲಿಂದಲೋ ಹೆಂಗಸರು ನನಗೆ ಕಾಗದ ಬರೆಯುತ್ತಿದ್ದಾರೆ. ಎಲ್ಲರಿಗೂ ಕೋವಿ ಹಿಡಿದ ಮುತ್ತಜ್ಜನೊಬ್ಬ ಬೇಕು. ಅವನ ಹೆಸರಿನಲ್ಲಿ ಎದೆಗೊಂದು ಬಿಲ್ಲೆ ಚುಚ್ಚಿಕೊಂಡು ದೇಶಭಕ್ತ ಮಹಿಳೆಯರ ಸಂಘ ಸೇರಬೇಕು. ಕೋವಿಯನ್ನೇ ಮುಟ್ಟದ ಕ್ವೇಕರರ ಪುಸ್ತಕದಲ್ಲಿ ಸೈನಿಕರನ್ನು ಹುಡುಕುವುದೆಂದರೆ ಹಾಲಿನವನ ಹತ್ತಿರ ಹೋಗಿ ಬೂಟು ಕೇಳಿದ ಹಾಗೆ. ನಾನು ಹೆಚ್ಚಿನವರಿಗೆ ಇಲ್ಲ ಎಂದೇ ಬರೆಯುತ್ತೇನೆ. ಆದರೆ ನಿನ್ನ ಅದೃಷ್ಟ ಗಟ್ಟಿಯಾಗಿದೆ.

ರೀಸ್ ಪ್ರೊಥರೋ ಬಂದದ್ದು ೧೭೪೧ರಲ್ಲಿ, ವೇಲ್ಸಿನ ತನ್ನ ಸಭೆಯಿಂದ ಒಳ್ಳೆಯ ಮಾತು ಬರೆಸಿಕೊಂಡು. ಚಕ್ರ ಮಾಡುವ ಬಡಗಿ. ಹದಿನೈದು ವರ್ಷ ಅವನ ಬಗ್ಗೆ ಯಾರೂ ಒಂದು ಮಾತು ಆಡಿದ ಹಾಗಿಲ್ಲ. ಆಮೇಲೆ ಫ್ರೆಂಚರೊಡನೆ ಯುದ್ಧ ಹತ್ತಿ ಗಡಿಯಲ್ಲಿ ದಾಳಿಗಳಾದವು. ೧೭೫೬ರಲ್ಲಿ ನೆರೆಯವನ ಮನೆ ಹೊತ್ತಿ ಉರಿಯಿತು. ರೀಸ್ ಎಲ್ಲಿಂದಲೋ ಒಂದು ಕೋವಿ ತಂದು, ಆ ಮನೆಯ ಮಕ್ಕಳನ್ನು ತನ್ನ ಕೊಟ್ಟಿಗೆಯೊಳಗೆ ಕೂರಿಸಿ, ಬಾಗಿಲಲ್ಲಿ ನಿಂತ. ಹಾರಿಸಿದನೋ ಇಲ್ಲವೋ ಬರೆದಿಲ್ಲ. ನಮ್ಮವರು ಅದನ್ನು ಕೇಳುವುದೂ ಇಲ್ಲ. ಹಿಡಿದದ್ದೇ ಸಾಕಾಯಿತು. ಅವನನ್ನು ಸಭೆಯಿಂದ ಹೊರಗೆ ಹಾಕಿದರು.

ಇದಿಷ್ಟನ್ನೂ ಸಹಿ ಮಾಡಿ ನೀನು ಹೇಳಿದ ಗುಮಾಸ್ತನಿಗೆ ನಿನ್ನೆಯೇ ಕಳುಹಿಸಿದೆ. ನಿನ್ನ ಸಂಘದವರು ಖುಷಿಪಡಲಿ. ನನಗಂತೂ ಆ ಬಿಲ್ಲೆ ಹಿಡಿಸುವುದಿಲ್ಲ, ಆದರೆ ಇದ್ದದ್ದನ್ನು ಇದ್ದ ಹಾಗೆ ಹೇಳುವುದು ನಮ್ಮ ಅಭ್ಯಾಸ.

ಸೇಬು ಕೀಳುವ ಕಾಲ. ಇನ್ನೇನಾದರೂ ಕೇಳುವುದಿದ್ದರೆ ಚಳಿಗಾಲದಲ್ಲಿ ಕೇಳು.

ಮ್ಯಾಲನ್ ಯಾರ್ನಲ್


ಅಕ್ಟೋಬರ್ ೬, ೧೯೧೭

ಯಾರ್ನಲ್ ಅವರೆ,

ಏನು ಮಾಡಿಬಿಟ್ಟಿರಿ! ಅಯ್ಯೋ, ಏನು ಮಾಡಿಬಿಟ್ಟಿರಿ!

ಯಾವ ಸಂಘ? ಯಾವ ಬಿಲ್ಲೆ? ನಾನು ಯಾವ ಸಂಘದ ಹೆಸರು ಬರೆದಿದ್ದೆ? ಆ ಗುಮಾಸ್ತ ಸೈನ್ಯಕ್ಕೆ ಜನರನ್ನು ಆರಿಸುವ ಮಂಡಳಿಯ ಗುಮಾಸ್ತ. ನನ್ನ ತಮ್ಮ ಈಲಮ್‌ಗೆ ಇಪ್ಪತ್ತೆರಡು ವರ್ಷ. ಅಮ್ಮ ಅವನನ್ನು ಹೆತ್ತು ತೀರಿಕೊಂಡಳು, ಬೆಳೆಸಿದವಳು ನಾನು. ಸೈನ್ಯಕ್ಕೆ ಚೀಟಿ ಎತ್ತಿದಾಗ ಅವನ ಹೆಸರು ಬಂತು. ಕೋವಿ ಮುಟ್ಟುವುದಿಲ್ಲ, ಸಮವಸ್ತ್ರ ತೊಡುವುದಿಲ್ಲ ಎಂದ. ಎಳೆದುಕೊಂಡು ಹೋದರು. ಹುಟ್ಟಿನಿಂದ ಕ್ವೇಕರ್ ಎಂದು ಸಭೆ ಬರೆದುಕೊಟ್ಟವರನ್ನು ಶಿಬಿರದಲ್ಲಿ ಬೇರೆ ಡೇರೆಯಲ್ಲಿ ಇಡುತ್ತಾರೆ, ಹೊಡೆಯುವುದಿಲ್ಲ. ಇಲ್ಲದವರು ಹೇಡಿಗಳು, ಕೈದಿಗಳು.

ಮೊದಲೇ ಯಾಕೆ ಬರೆಯಲಿಲ್ಲ ಎಂದು ಕೇಳುತ್ತೀರಿ. ಆ ಮಂಡಳಿಯ ಅಧ್ಯಕ್ಷ ಸ್ಟ್ರೌಡ್. ನಮ್ಮ ಊರಿನ ಅಂಚೆಯೂ ಅವನ ಕೈಯಲ್ಲೇ ಇದೆ. ನಮ್ಮ ಮನೆಯ ಯಾವ ಲಕೋಟೆಯೂ ಅಂಟಿದಂತೆ ಬರುವುದಿಲ್ಲ, ಹೋಗುವುದಿಲ್ಲ. ಅಳುತ್ತಾ ಬೇಡಿಕೊಂಡು ಬರೆದರೆ ಅವನು ಅದನ್ನು ಕಳುಹಿಸುತ್ತಿರಲಿಲ್ಲ. ಅದಕ್ಕೇ ಕುತೂಹಲ ಎಂದು ಬರೆದೆ. ಇದನ್ನು ಪಕ್ಕದ ಊರಿನ ಗೆಳತಿ ಒಬ್ಬಳು ಅಂಚೆಗೆ ಹಾಕುತ್ತಾಳೆ. ನೀವೂ ಇನ್ನು ಮೇಲೆ ಅವಳ ವಿಳಾಸಕ್ಕೇ ಬರೆಯಿರಿ.

ನಿಮ್ಮ ಕಾಗದವನ್ನು ಸ್ಟ್ರೌಡ್ ತನ್ನ ಅಂಗಡಿಯಲ್ಲಿ, ಕಾಳು ಕೊಳ್ಳಲು ಬಂದವರೆದುರು ಗಟ್ಟಿಯಾಗಿ ಓದಿದ. "ಕೇಳ್ರಪ್ಪಾ, ಕ್ವೇಕರರೇ ಇವರನ್ನ ನೂರೈವತ್ತು ವರ್ಷದ ಹಿಂದೆ ಒದ್ದು ಓಡಿಸಿದ್ದಾರೆ! ಇವಳ ಮುತ್ತಜ್ಜ ನಮ್ಮೆಲ್ಲರಿಗಿಂತ ಒಳ್ಳೇ ಸಿಪಾಯಿ. ಮೊಮ್ಮಗನಿಗೆ ಮಾತ್ರ ಯಾಕೋ ಚಳಿಜ್ವರ" ಎಂದ. ಎಲ್ಲರೂ ನಕ್ಕರು. ಅವರಲ್ಲಿ ಅರ್ಧ ಜನಕ್ಕೆ ನಾನೇ ಅಕ್ಷರ ಕಲಿಸಿದ್ದು.

ನಿಮ್ಮ ಹಾಸ್ಯಕ್ಕೆ ನನ್ನ ತಮ್ಮ ಬೆಲೆ ತೆರುತ್ತಿದ್ದಾನೆ. ತಪ್ಪಾಯಿತು, ಅದು ಬೇರೆ ಯಾರದೋ ವಿಷಯ ಎಂದು ಒಂದು ಸಾಲು ಬರೆದು ಕಳುಹಿಸಿ. ಒಂದೇ ಸಾಲು ಸಾಕು.

ಓರ್ಪಾ ಪ್ರೊಥರೋ


ಬ್ರೂಕ್‌ಎಂಡ್
ಹತ್ತನೇ ತಿಂಗಳು ೧೫, ೧೯೧೭

ಓರ್ಪಾ,

ನಿನ್ನ ಕಾಗದ ಓದಿ ಟೇಸಿಯ ಕೈಗೆ ಕೊಟ್ಟೆ. ಅವಳು ಓದಿ ಮಡಚಿಟ್ಟು, "ನಿನ್ನ ಬಾಯಿಗೆ ಒಂದು ದಿನ ಹೀಗಾಗುತ್ತೆ ಅಂತ ನನಗೆ ಗೊತ್ತಿತ್ತು ಮ್ಯಾಲನ್" ಎಂದಳು. 

ನಾನು ಮೂರ್ಖ. ಒಬ್ಬ ಹೆಣ್ಣುಮಗಳು ಕೇಳದ ಪ್ರಶ್ನೆಗೆ ಉತ್ತರ ಕೊಟ್ಟು ಬೀಗಿದೆ. ನನಗೆ ನಾಚಿಕೆಯಾಗಿದೆ. ಈ ವಯಸ್ಸಿನಲ್ಲಿ ಇಷ್ಟು ನಾಚಿಕೆ ಉಳಿದಿದೆ ಎಂದು ಗೊತ್ತಿರಲಿಲ್ಲ.

ಆದರೆ ನೀನು ಕೇಳಿದ ಸಾಲನ್ನು ಬರೆಯಲಾರೆ. ಅದು ಬೇರೆ ಯಾರೋ ಅಲ್ಲ, ನಿಮ್ಮ ರೀಸನೇ. ಅವನು ಕೋವಿ ಹಿಡಿದದ್ದು ನಿಜ. ನಾನು ಸುಳ್ಳು ಹೇಳುವುದಿಲ್ಲ ಎಂಬ ಒಂದೇ ಕಾರಣಕ್ಕೆ ನನ್ನ ಸಹಿಗೆ ಎಲ್ಲಾದರೂ ಬೆಲೆ ಇರುವುದು.

ಬೈದುಕೋ. ಆದರೆ ಬೇರೆ ದಾರಿ ಇದ್ದರೆ ಹುಡುಕುತ್ತೇನೆ. ಅಂದು ಕೋವಿ ಸಿಕ್ಕಿದ ಕೂಡಲೇ ಇಷ್ಟೇ ತಾನೆ ಬೇಕಾದದ್ದು ಎಂದು ಪುಸ್ತಕ ಮುಚ್ಚಿದ್ದೆ. ಮುಂದಕ್ಕೆ ಓದಿಯೇ ಇಲ್ಲ. ೧೭೯೦ರಿಂದ ಈಚಿನ ಪುಸ್ತಕಗಳು ಸಭೆಯ ಮನೆಗೆ ಬೆಂಕಿ ಬಿದ್ದಾಗ ಸುಟ್ಟುಹೋದವು. ಉಳಿದವನ್ನು ಪುಟ ಪುಟ ನೋಡುತ್ತೇನೆ. ಹಣ್ಣು ಮರದಲ್ಲೇ ಕೊಳೆಯಲಿ.

ಮ್ಯಾಲನ್


ನವೆಂಬರ್ ೨, ೧೯೧೭

ಯಾರ್ನಲ್ ಅವರೆ,

ಈಲಮ್‌ನನ್ನು ನೋಡಿ ಬಂದೆ. ಹತ್ತು ನಿಮಿಷ ಬಿಟ್ಟರು, ಪಕ್ಕದಲ್ಲಿ ಸಾರ್ಜೆಂಟ್ ನಿಂತಿದ್ದ.

ಸಮವಸ್ತ್ರ ತೊಡುವುದಿಲ್ಲ ಎಂದದ್ದಕ್ಕೆ ಅವನ ಬಟ್ಟೆಯನ್ನೂ ಕಿತ್ತುಕೊಂಡಿದ್ದಾರೆ. ಒಳಉಡುಪಿನಲ್ಲಿ ಇದ್ದಾನೆ, ಮೇಲೊಂದು ಕಂಬಳಿ. ಕುದುರೆ ನೀರು ಕುಡಿಯುವ ತೊಟ್ಟಿಯಲ್ಲಿ ಮುಳುಗಿಸಿ, ನೆಲ ಉಜ್ಜುವ ಪೊರಕೆಯಿಂದ ಮೈ ಉಜ್ಜುತ್ತಾರಂತೆ. ಕುತ್ತಿಗೆಯ ಚರ್ಮ ಸುಲಿದಿತ್ತು. ನನ್ನನ್ನು ಕಂಡು ನಕ್ಕ. "ಅಕ್ಕ, ಊಟಕ್ಕೆ ಏನೂ ತೊಂದರೆ ಇಲ್ಲ. ನಿನ್ನ ಬ್ರೆಡ್ಡಿಗಿಂತ ಚೆನ್ನಾಗಿರುತ್ತೆ" ಎಂದ. ನನ್ನ ಬ್ರೆಡ್ಡನ್ನು ಯಾವತ್ತೂ ಹೀಗೇ ಆಡಿಕೊಳ್ಳುತ್ತಿದ್ದ. ಹೇಳುವಾಗ ಹಲ್ಲು ಕಟಕಟ ಅನ್ನುತ್ತಿತ್ತು.

"ಒಂದು ಸಲ ಹಾಕ್ಕೊಂಡ್ಬಿಡೋ, ಬರೀ ಅಂಗಿ ತಾನೆ" ಎಂದೆ. ಹೌದು, ನಾನೇ ಹೇಳಿದೆ.

"ಅಂಗಿ ಹಾಕ್ಕೊಂಡ್ರೆ ಕೋವಿ ಕೊಡ್ತಾರೆ. ಕೋವಿ ಕೊಟ್ರೆ ಮುಂದೆ ಒಬ್ಬ ಮನುಷ್ಯನ್ನ ತೋರಿಸ್ತಾರೆ. ನನ್ನ ಕೈಯಲ್ಲಿ ಆಗಲ್ಲ ಅಕ್ಕ" ಎಂದ.

ಅವನ ಜೊತೆ ಯಾಕೋಬ್ ಎಂಬ ಮೆನೊನೈಟ್ ಇದ್ದಾನೆ. ಅವರೂ ಕೋವಿ ಮುಟ್ಟದ ಪಂಗಡ. ಅವನಿಗೆ ಉಬ್ಬಸ. ಇಬ್ಬರೂ ಒಂದೇ ಕಂಬಳಿ ಹೊದೆಯುತ್ತಾರೆ.

ಇಲ್ಲಿ ಶಾಲೆಯಿಂದ ನನ್ನನ್ನು ತೆಗೆದರು. ಬಾಗಿಲಿಗೆ ಹಳದಿ ಬಣ್ಣ ಬಳಿದಿದ್ದಾರೆ, ಹೇಡಿಗಳ ಮನೆ ಎಂದು. ಅದನ್ನೆಲ್ಲ ತಡೆದುಕೊಳ್ಳುತ್ತೇನೆ. ಅವನು ಈ ಚಳಿಗಾಲ ದಾಟುವುದಿಲ್ಲ. ನಿಮ್ಮ ಸತ್ಯ ನಿಮ್ಮ ಮನೆಯಲ್ಲಿ ಒಲೆ ಮುಂದೆ ಬೆಚ್ಚಗೆ ಕೂತಿದೆ. ನನ್ನ ತಮ್ಮ ತೊಟ್ಟಿಯಲ್ಲಿದ್ದಾನೆ. ಕಾಲಿಗೆ ಬೀಳುತ್ತೇನೆ, ಆ ಒಂದು ಸಾಲು ಬರೆಯಿರಿ.

ಓರ್ಪಾ


ಬ್ರೂಕ್‌ಎಂಡ್
ಹನ್ನೊಂದನೇ ತಿಂಗಳು ೧೨, ೧೯೧೭

ಓರ್ಪಾ,

ಸಿಕ್ಕಿತು! ಸುಳ್ಳು ಬೇಕಾಗಿಲ್ಲ!

ಸಮಾಧಾನದಿಂದ ಓದು. ನಮ್ಮಲ್ಲಿ ಒಬ್ಬನನ್ನು ಹೊರಗೆ ಹಾಕಿದರೆ ಅವನೊಬ್ಬನನ್ನೇ ಹಾಕಿದಂತೆ. ಹೆಂಡತಿ ಹೋಗುವುದಿಲ್ಲ, ಆಗಲೇ ಹುಟ್ಟಿದ ಮಕ್ಕಳೂ ಹೋಗುವುದಿಲ್ಲ. ಅವರು ಸಭೆಯವರಾಗಿಯೇ ಉಳಿಯುತ್ತಾರೆ. ಇದು ನಮಗೆಲ್ಲ ಎಷ್ಟು ಗೊತ್ತಿರುವ ಸಂಗತಿಯೆಂದರೆ ಆ ಗುಮಾಸ್ತನಿಗೆ ಬರೆಯುವಾಗ ಹೇಳಬೇಕು ಎಂದು ಹೊಳೆಯಲೇ ಇಲ್ಲ. ರೀಸ್ ಹೋದ ಎಂದು ಬರೆದೆ. ಅವರು ಮನೆತನವೇ ಹೋಯಿತು ಎಂದು ಓದಿಕೊಂಡರು. ನಮ್ಮ ಊರಿನ ಯಾವ ಮಗುವೂ ಹಾಗೆ ಓದುತ್ತಿರಲಿಲ್ಲ. ಅಲ್ಲಿನವರಿಗೆ ಹೇಗೆ ಗೊತ್ತಾಗಬೇಕು?

ರೀಸನ ಮಗ ಜೆಹು. ಅವನು ೧೭೭೯ರಲ್ಲಿ ನಮ್ಮ ಸಭೆಯಲ್ಲೇ, ನಮ್ಮ ಪದ್ಧತಿಯಂತೆ ಮದುವೆಯಾಗಿದ್ದಾನೆ. ಗಂಡು ಹೆಣ್ಣು ಇಬ್ಬರೂ ಸಭೆಯವರಾಗಿರದಿದ್ದರೆ ಆ ಮದುವೆಗೆ ನಮ್ಮವರು ಒಪ್ಪುತ್ತಿರಲಿಲ್ಲ. ಅಂದರೆ ಅಪ್ಪ ಹೊರಗಿದ್ದರೂ ಮಗ ಒಳಗೇ ಇದ್ದ. ಅಪ್ಪನೂ ಆ ದಿನ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದನಂತೆ.

ಜೆಹುವಿನ ಮಗ ಟೋಬಿಯಸ್ ನಿನ್ನ ಅಜ್ಜ. ಅವನ ಕಾಲದ ಪುಸ್ತಕ ಸುಟ್ಟಿದೆ. ಆದರೆ ಟೇಸಿಗೆ ಅವನ ನೆನಪಿದೆ. ನಿಮ್ಮವರು ಊರು ಬಿಟ್ಟಾಗ ಅವಳಿಗೆ ಹದಿನಾಲ್ಕು. "ಹಿರಿಯರ ಬೆಂಚಿನಲ್ಲಿ, ನಮಗೆ ಎದುರಾಗಿ ಕೂತ್ಕೋತಿದ್ದ. ದೇವರು ಮಾತಾಡ್ತಾನೇನೋ ಅಂತ ನಾವೆಲ್ಲ ಕಾಯ್ತಿದ್ರೆ ಇವನು ಗೊರಕೆ ಹೊಡೀತಿದ್ದ" ಎಂದಳು. ಎದುರು ಬೆಂಚಿನಲ್ಲಿ ಹೊರಗಿನವರನ್ನು ಕೂರಿಸುವ ಮಾತೇ ಇಲ್ಲ. ಬೇರೆ ಸಭೆಗೆ ವರ್ಗಾವಣೆ ಕೇಳದೆ ಊರು ಬಿಟ್ಟವನು ನಮ್ಮಲ್ಲೇ ಉಳಿಯುತ್ತಾನೆ. ಆದ್ದರಿಂದ ಟೋಬಿಯಸ್ ನಮ್ಮವನು, ಏಸಾ ನಮ್ಮವನು. ನಿನ್ನ ತಾಯಿಯೂ ಕ್ವೇಕರ್ ಮನೆಯವಳಾದರೆ ನೀನು, ಈಲಮ್ ಇಬ್ಬರೂ ಹುಟ್ಟಿನಿಂದ ನಮ್ಮವರೇ.

ಸಭೆಯಲ್ಲಿ ಹೇಳಿದೆ, ಎಲ್ಲರೂ ಒಪ್ಪಿದರು. ಎಲ್ಲವನ್ನೂ ಬಿಡಿಸಿ ಬರೆದು, ನಾನೂ ಟೇಸಿಯೂ ಸಹಿ ಮಾಡಿ, ಮಂಡಳಿಗೆ ಇಂದೇ ಕಳುಹಿಸಿದ್ದೇವೆ. ಅವನಿಗೊಂದು ಉಣ್ಣೆಯ ಅಂಗಿಯನ್ನೂ ಟೇಸಿ ಹೆಣೆಯುತ್ತಿದ್ದಾಳೆ. ಎದೆ ಎಷ್ಟು ಅಗಲ ಎಂದು ಬರೆ.

ಮ್ಯಾಲನ್


ಡಿಸೆಂಬರ್ ೮, ೧೯೧೭

ಯಾರ್ನಲ್ ಅವರೆ,

ನಿಮ್ಮ ಕಾಗದ ಓದಿ ಅಡುಗೆಮನೆಯ ನೆಲದ ಮೇಲೆ ಕೂತು ಅತ್ತೆ. ಅಮ್ಮ ಕ್ವೇಕರ್ ಮನೆಯವಳೇ. ನಿಮ್ಮನ್ನು ಬೈದದ್ದಕ್ಕೆ ಕ್ಷಮೆ ಕೇಳಬೇಕು ಎಂದುಕೊಂಡೆ.

ನಿನ್ನೆ ಮಂಡಳಿಯವರು ಕರೆದರು. ಸ್ಟ್ರೌಡ್ ನಿಮ್ಮ ಕಾಗದವನ್ನು ಮೇಜಿನ ಮೇಲಿಟ್ಟು, "ಇದರಲ್ಲಿ ಪ್ರಮಾಣ ಎಲ್ಲಿದೆ?" ಎಂದ.

"ಕ್ವೇಕರರು ಪ್ರಮಾಣ ಮಾಡುವುದಿಲ್ಲ, ದೃಢವಾಗಿ ಹೇಳಿ ಸಹಿ ಹಾಕುತ್ತಾರೆ. ಕಾನೂನಿನಲ್ಲಿ ಅದಕ್ಕೆ ಒಪ್ಪಿಗೆಯಿದೆ" ಎಂದೆ.

"ಅದು ಪೆನ್ಸಿಲ್ವೇನಿಯದಲ್ಲಿ ಇರಬಹುದು ಟೀಚರಮ್ಮ. ಇಲ್ಲಿ ದೇವರ ಪುಸ್ತಕದ ಮೇಲೆ ಕೈ ಇಟ್ಟು ಹೇಳದವನ ಮಾತು ನನ್ನ ಅಂಗಡಿಯ ಹೊಟ್ಟಿಗೆ ಸಮ. ಮೊದಲು ಒಂದು ಬರೆದ, ಈಗ ಇನ್ನೊಂದು ಬರೀತಾನೆ. ನಿಜ ಆಗಿದ್ರೆ ಆಣೆ ಮಾಡೋಕೆ ಏನು ಕಷ್ಟ?" ಎಂದ. ಮೇಲಿನವರಿಗೆ ದೂರು ಬರೆದಿದ್ದೇನೆ. ಉತ್ತರ ಬರಲು ತಿಂಗಳುಗಳು ಬೇಕಂತೆ.

ಈಲಮ್ ಕೆಮ್ಮುತ್ತಿದ್ದಾನೆ. ಟೇಸಿ ಅಳತೆಗೂ ಕಾಯದೆ ಹೆಣೆದು ಕಳುಹಿಸಿದ ಉಣ್ಣೆಯ ಅಂಗಿಯನ್ನು ಶಿಬಿರದೊಳಗೆ ಬಿಡಲಿಲ್ಲ.

ಈಗ ಸುಳ್ಳು ಕೇಳುತ್ತಿಲ್ಲ. ನಿಜವನ್ನೇ, ನೀವು ಆಗಲೇ ಹೇಳಿದ ನಿಜವನ್ನೇ, ಕೈ ಎತ್ತಿ ಹೇಳಿ ಎನ್ನುತ್ತಿದ್ದೇನೆ. ಅಷ್ಟು ಮಾಡಲಾರಿರಾ?

ಓರ್ಪಾ


ಬ್ರೂಕ್‌ಎಂಡ್
ಹನ್ನೆರಡನೇ ತಿಂಗಳು ೨೦, ೧೯೧೭

ಓರ್ಪಾ,

ಇದನ್ನು ನಾಲ್ಕಾರು ಸಲ ಬರೆದು ಹರಿದೆ.

ನಾನು ಆಣೆ ಮಾಡಲಾರೆ. ನಿನಗೆ ಇದು ಹಠದ ಹಾಗೆ ಕಾಣುತ್ತದೆ. ಒಂದು ದಿನ ಕೈ ಎತ್ತಿ 'ಈಗ ನಿಜ ಹೇಳುತ್ತೇನೆ' ಎಂದರೆ ಉಳಿದ ದಿನಗಳಲ್ಲಿ ಹೇಳಿದ್ದು ಏನು ಎಂದಾಗುತ್ತದೆ? ಇಂಗ್ಲೆಂಡಿನಲ್ಲಿ ನಮ್ಮವರು ಈ ಒಂದು ಮಾತಿಗೆ ಮನೆಮಾರು ಕಳೆದುಕೊಂಡರು, ಸೆರೆಮನೆಯಲ್ಲಿ ಕೊಳೆತು ಸತ್ತರು. ರೀಸ್ ಹಡಗು ಹತ್ತಿದ್ದೂ ಇಂಥದ್ದನ್ನೆಲ್ಲ ತಪ್ಪಿಸಿಕೊಳ್ಳಲು. ಅವರೆಲ್ಲರ ಎದುರಿಗೆ ನಾನು ಹೇಗೆ ಕೈ ಎತ್ತಲಿ?

ಈಲಮ್ ಅರ್ಥ ಮಾಡಿಕೊಳ್ಳುತ್ತಾನೆ ಎನಿಸುತ್ತದೆ. ಅವನಿಗೆ ನನ್ನ ಪ್ರೀತಿ ತಿಳಿಸು.

ಮ್ಯಾಲನ್


ಜನವರಿ ೧೩, ೧೯೧೮

ಯಾರ್ನಲ್ ಅವರೆ,

ಹೌದು, ಅವನು ಅರ್ಥ ಮಾಡಿಕೊಂಡ. ನಿಮ್ಮ ಮಾತು ಹೇಳಿದಾಗ ತಲೆ ಆಡಿಸಿದ. ಬಾಯಿಯಿಂದ ಮಾತು ಬರುವಷ್ಟು ಶಕ್ತಿ ಇರಲಿಲ್ಲ. ನೀವು ಕೈ ಎತ್ತುವುದಿಲ್ಲ, ಅವನು ಕೋವಿ ಎತ್ತುವುದಿಲ್ಲ. ಇಬ್ಬರೂ ಬಲು ಒಳ್ಳೆಯವರು. ನಿಮ್ಮ ಒಳ್ಳೆಯತನದ ಮಧ್ಯೆ ಸಿಕ್ಕಿ ಸಾಯುತ್ತಿರುವವಳು ನಾನು.

ಇನ್ನು ಬರೆಯುವುದಿಲ್ಲ.

ಓ. ಪ್ರೊಥರೋ


ಬ್ರೂಕ್‌ಎಂಡ್
ಎರಡನೇ ತಿಂಗಳು ೨೫, ೧೯೧೮

ಓರ್ಪಾ,

ಆಣೆ ಮಾಡಿದೆ.

ಕಳೆದ ವಾರ ಜಿಲ್ಲಾ ನ್ಯಾಯಾಲಯಕ್ಕೆ ಹೋದೆ. ನ್ಯಾಯಾಧೀಶ ನನ್ನನ್ನು ಬಲ್ಲವನು. "ಮ್ಯಾಲನ್, ನಿಮ್ಮವರಿಗೆ ಇದೆಲ್ಲ ಬೇಕಾಗಿಲ್ಲವಲ್ಲ, ಸುಮ್ನೆ ಸಹಿ ಹಾಕು" ಎಂದ. "ಇಲ್ಲ, ಪುಸ್ತಕ ತರಿಸು" ಎಂದೆ. ಅವನು ನನ್ನ ಮುಖವನ್ನೇ ನೋಡಿದ. "ಮೈ ಹುಷಾರಿದೆ ತಾನೆ?" ಎಂದ. ಪುಸ್ತಕದ ಮೇಲೆ ಕೈ ಇಟ್ಟು, ಇನ್ನೊಂದು ಕೈ ಎತ್ತಿ, ಅವನು ಹೇಳಿಕೊಟ್ಟದ್ದನ್ನು ಹೇಳಿದೆ. ತಲೆಯ ಟೊಪ್ಪಿ ಮಾತ್ರ ತೆಗೆಯಲಿಲ್ಲ. ಅಷ್ಟನ್ನಾದರೂ ಉಳಿಸಿಕೊಂಡೆ. 

ಯಾಕೆ ಮಾಡಿದೆ ಎಂದರೆ, ನೀನು ಬರೆಯುವುದಿಲ್ಲ ಎಂದೆಯಲ್ಲ, ಆಮೇಲೆ ನಿಜವಾಗಿಯೂ ಬರೆಯಲಿಲ್ಲ. ದಿನವೂ ಅಂಚೆಯವನ ದಾರಿ ನೋಡಿದೆ. ಬಾಯ್ತುಂಬ ಬೈದು ಬರೆದಿದ್ದರೆ ಬಹುಶಃ ನಾನು ಗಟ್ಟಿಯಾಗಿಯೇ ಇರುತ್ತಿದ್ದೆ.

ಮುಂದಿನ ಸಭೆಯಲ್ಲಿ ನಾನೇ ಎದ್ದು ಹೇಳಿದೆ.  ಬೇರೆ ಕಡೆಯ ಕ್ವೇಕರರು ಈಗೀಗ ಇಂಥದ್ದಕ್ಕೆ ಕಣ್ಣು ಮುಚ್ಚಿಕೊಳ್ಳುತ್ತಾರೆ. ನಮ್ಮದು ಹಳೆಯ ಪಂಥ, ಮುಚ್ಚಿಕೊಳ್ಳುವುದಿಲ್ಲ. ತಪ್ಪು ಮಾಡಿದವನನ್ನು ವಿಚಾರಿಸಲು ಇಬ್ಬರನ್ನು ಅವನ ಮನೆಗೆ ಕಳುಹಿಸುವುದು ಪದ್ಧತಿ. ಬಂದರು. ಇಬ್ಬರೂ ನನ್ನ ಜೊತೆ ಆಡಿ ಬೆಳೆದವರು. ಟೇಸಿ ಮಾಡಿದ ಸೇಬಿನ ಕಡುಬು ತಿಂದರು. "ತಪ್ಪಾಯಿತು ಅಂತ ಬರೆದುಕೊಡು ಮ್ಯಾಲನ್, ಇಲ್ಲಿಗೇ ಮುಗಿಸೋಣ" ಎಂದರು. ಅವರ ಕಣ್ಣಲ್ಲಿ ನೀರಿತ್ತು.

ಬರೆದುಕೊಡಲಿಲ್ಲ. ನನಗೆ ಸಂಕಟವಾಗಿದೆ, ಆದರೆ ತಪ್ಪಾಯಿತು ಎನಿಸುತ್ತಿಲ್ಲ. ಎನಿಸದ್ದನ್ನು ಎನಿಸಿತು ಎಂದು ಬರೆದರೆ ಅದು ಸುಳ್ಳು.

ಬರುವ ತಿಂಗಳು ನನ್ನನ್ನು ಹೊರಗೆ ಹಾಕುತ್ತಾರೆ. ಪುಸ್ತಕಗಳನ್ನು ಬೇರೆಯವರ ಮನೆಗೆ ಸಾಗಿಸಿದ್ದಾಯಿತು. ನೀನು ಇದರ ಬಗ್ಗೆ ಮರುಗಬೇಡ. ಕಾಗದ ಮಂಡಳಿಗೆ ಹೋಗಿದೆ. ಹುಡುಗನನ್ನು ಬಿಡಿಸಿಕೋ. ಬಂದ ಕೂಡಲೇ ನನಗೆ ತಿಳಿಸು, ಬೇರೇನೂ ಬೇಡ.

ಮ್ಯಾಲನ್


ಮಾರ್ಚ್ ೨೦, ೧೯೧೮

ಮ್ಯಾಲನ್,

ನಿನ್ನನ್ನು ನೀನು ಎಂದೇ ಕರೆಯುತ್ತೇನೆ. ಇನ್ನು ನನಗೆ ಯಾರಿದ್ದಾರೆ?

ನಿನ್ನ ಆಣೆಯನ್ನು ಒಪ್ಪಿದರು. ಸ್ಟ್ರೌಡ್ ಮುಖ ಗಂಟು ಹಾಕಿಕೊಂಡು ಮೊಹರು ಒತ್ತಿದ. ನಾನು ಅದನ್ನು ಎದೆಗೆ ಅವುಚಿಕೊಂಡು ರೈಲು ಹತ್ತಿದೆ. ಜನವರಿಯಿಂದ ಈಚೆಗೆ ನನ್ನನ್ನು ಅವನ ಭೇಟಿಗೆ ಬಿಟ್ಟಿರಲಿಲ್ಲ. ಶಿಬಿರದ ಕಚೇರಿಯಲ್ಲಿ ಕೊಟ್ಟೆ. ಅಲ್ಲಿನವನು ಓದಿ, ಒಳಗೆ ಹೋಗಿ, ಬಂದು, "ಈಲಮ್ ಪ್ರೊಥರೋ ಈಗ ಇಲ್ಲಿಲ್ಲಮ್ಮ. ಕೋವಿ ತಗೊಂಡ. ಅವನ ತುಕಡಿ ಮೊನ್ನೆ ಫ್ರಾನ್ಸಿನ ಹಡಗಿಗೆ ಹೋಯ್ತು" ಎಂದ. ಒಳ್ಳೆಯ ಸುದ್ದಿ ಹೇಳಿದ ಹಾಗೆ ಹೇಳಿದ.

ಬೇರೆ ಯಾರೋ ಇರಬೇಕು ಎಂದು ಜಗಳ ಆಡಿದೆ. ಈಲಮ್ ನನಗಾಗಿ ಬಿಟ್ಟುಹೋದ ಚೀಟಿಯನ್ನು ಕಚೇರಿಯವನು ತಂದುಕೊಟ್ಟ. ಅದನ್ನು ಇಲ್ಲಿ ಇಳಿಸುತ್ತೇನೆ:

"ಅಕ್ಕ, ಯಾಕೋಬ್‌ಗೆ ಉಸಿರು ಆಡ್ತಾ ಇರಲಿಲ್ಲ. ಆಸ್ಪತ್ರೆಗೆ ಕಳಿಸಿ ಅಂತ ಕೂಗಿದೆ. ನೀನು ಕೋವಿ ಹಿಡಿ, ಅವನನ್ನ ಕಳಿಸ್ತೀನಿ ಅಂದ ಸಾರ್ಜೆಂಟ್. ಒಂದು ದಿನ ಇಡೀ ನೋಡ್ತಾ ಕೂತೆ. ಆಮೇಲೆ ಹಿಡಿದೆ. ಅವನು ಹೇಳಿದ ಹಾಗೇ ಯಾಕೋಬ್‌ನ ಕಳಿಸಿದ. ಈಗ ಹಿಂದಕ್ಕೆ ಕೊಟ್ರೆ ಯಾಕೋಬ್‌ನ ವಾಪಸ್ ತರ್ತಾರೆ. ಇದು ಭಾರ ಇದೆ ಅಕ್ಕ, ಅಂದ್ಕೊಂಡದ್ದಕ್ಕಿಂತ ಜಾಸ್ತಿ. ಪೆನ್ಸಿಲ್ವೇನಿಯದ ಮುದುಕಪ್ಪನಿಗೆ ಹೇಳು, ನನಗೋಸ್ಕರ ಇನ್ನು ಓಡಾಡೋದು ಬೇಡ ಅಂತ."

ಒಂದು ದಿನ ಇಡೀ ನೋಡುತ್ತಾ ಕೂತನಂತೆ. ಆ ದಿನ ನಾನು ಎಲ್ಲಿದ್ದೆ? ಏನು ಮಾಡುತ್ತಿದ್ದೆ? ಬಟ್ಟೆ ಒಗೆಯುತ್ತಿದ್ದೆನೇನೋ. ನಿನ್ನ ಮಾನ ತೆಗೆಸಿದೆ, ಅವನನ್ನೂ ಉಳಿಸಿಕೊಳ್ಳಲಿಲ್ಲ. ಮೊಹರು ಬಿದ್ದ ಕಾಗದ ಮೇಜಿನ ಮೇಲಿದೆ. ಅದನ್ನು ನೋಡಿದರೆ ಕಿರುಚಬೇಕು ಎನಿಸುತ್ತದೆ.

ಒಂದು ಕೇಳುತ್ತೇನೆ. ಅವನು ಬದುಕಿ ಬಂದರೆ ಮೊದಲು ಕೇಳುವ ಪ್ರಶ್ನೆ ಇದೇ ಇರುತ್ತದೆ. ನಿಮ್ಮವರು ಅವನನ್ನು ಹೊರಗೆ ಹಾಕುತ್ತಾರೆಯೇ?

ಓರ್ಪಾ


ಬ್ರೂಕ್‌ಎಂಡ್
ನಾಲ್ಕನೇ ತಿಂಗಳು ೧೪, ೧೯೧೮

ಓರ್ಪಾ,

ನಿನಗೆ ಸಮಾಧಾನವಾಗುವುದನ್ನು ಬರೆಯಬೇಕು ಎಂದುಕೊಂಡರೆ ಬರೆಯಲು ಏನೂ ಇಲ್ಲ. ನಡೆದದ್ದನ್ನು ಬರೆಯುತ್ತೇನೆ.

ನಾನೀಗ ಹೊರಗಿನವನು. ಪ್ರಾರ್ಥನೆಗೆ ಬಂದು ಕೂರಬಹುದು, ಸಭೆಯ ವ್ಯವಹಾರಕ್ಕೆ ಎದ್ದು ಹೊರಡಬೇಕು. ನನ್ನ ಜಾಗಕ್ಕೆ ಬಂದ ಸಭೆಯ ಹೊಸ ಕಾರ್ಯದರ್ಶಿ ದಾರಿಯಲ್ಲಿ ಸಿಕ್ಕಿ, "ಆ ಕಾನ್ಸಾಸಿನ ಹುಡುಗ ಹೇಗಿದ್ದಾನೆ?" ಎಂದು ಪ್ರೀತಿಯಿಂದಲೇ ಕೇಳಿದ. ಹೇಳಿದೆ. ನನಗೆ ಬೇರೆ ಉತ್ತರ ಕೊಡಲು ಬರುವುದಿಲ್ಲ ಎಂದು ನಿನಗೆ ಗೊತ್ತು.

ಮುಂದಿನದು ಟೇಸಿ ಒಳಗಿದ್ದು ಕೇಳಿ ಬಂದು ಹೇಳಿದ್ದು. ಈಲಮ್ ಹುಟ್ಟಿನಿಂದ ನಮ್ಮವನು ಎಂದು ನಾನೇ ಎಳೆ ಎಳೆಯಾಗಿ ತೋರಿಸಿಕೊಟ್ಟಿದ್ದೇನೆ. ನಮ್ಮವನು ಕೋವಿ ಹಿಡಿದರೆ ವಿಚಾರಿಸಲೇಬೇಕು. ರೀಸನ ಹೆಸರಿನ ಮುಂದೆ ಬರೆದ 'ಕೋವಿ ಹಿಡಿದಿದ್ದಾನೆ' ಎಂಬ ಆರೋಪವನ್ನೇ ಅವನ ಹೆಸರಿನ ಮುಂದೆಯೂ ಬರೆದರು. ಓರ್ಪಾ, ನಾವಿಬ್ಬರೂ ಇಷ್ಟೆಲ್ಲ ಒದ್ದಾಡಿ ಸಾಧಿಸಿದ್ದು ಇದನ್ನೇ. ಅವನು ನಮ್ಮವನಲ್ಲದೆ ಇದ್ದಿದ್ದರೆ ಅವನನ್ನು ಹೊರಗೆ ಹಾಕಲು ಯಾರಿಂದಲೂ ಆಗುತ್ತಿರಲಿಲ್ಲ.

ಆಮೇಲೆ ಟೇಸಿ ಎದ್ದಳಂತೆ. ಎಪ್ಪತ್ತೈದು ವರ್ಷದಲ್ಲಿ ಸಭೆಯಲ್ಲಿ ಅವಳು ಬಾಯಿ ಬಿಟ್ಟವಳಲ್ಲ. "ಮುಖಾಮುಖಿ ಕೂತು ವಿಚಾರಿಸದೆ ಯಾರನ್ನೂ ಹೊರಗೆ ಹಾಕೋ ಹಾಗಿಲ್ಲ. ನಿಯಮ ಇರೋದೇ ಹಾಗೆ. ಇಬ್ಬರನ್ನ ನೇಮಿಸಿ, ಫ್ರಾನ್ಸಿಗೆ ಹೋಗಿ ಬರಲಿ" ಎಂದಳು.  ಇಬ್ಬರನ್ನು ನೇಮಿಸಿದರು. ಅವರು ಹೋಗುವುದಿಲ್ಲ, ಹೋಗಲಾರರು. ಅದು ಎಲ್ಲರಿಗೂ ಗೊತ್ತು.

ಅಲ್ಲಿಯ ತನಕ ಅವನು ನಮ್ಮವನು. ವಿಚಾರಣೆ ಬಾಕಿ ಇರುವವರ ಹೆಸರನ್ನು ತಿಂಗಳಿಗೊಮ್ಮೆ ಸಭೆಯಲ್ಲಿ ಓದಬೇಕು. ಇನ್ನು ಪ್ರತಿ ತಿಂಗಳೂ ಕಾರ್ಯದರ್ಶಿ ಎದ್ದು ನಿಂತು, "ಈಲಮ್ ಪ್ರೊಥರೋ. ಇನ್ನೂ ಭೇಟಿಯಾಗಿಲ್ಲ" ಎಂದು ಓದುತ್ತಾನೆ. ನಾನು ಆ ಹೊತ್ತಿಗೆ ಹೊರಗೆ ಕಿಟಕಿಯ ಹತ್ತಿರ ನಿಂತಿರುತ್ತೇನೆ. ಬಾಗಿಲು ಹಾಕಿದ್ದರೂ ಕೇಳಿಸುತ್ತದೆ. ಈ ತಿಂಗಳು ಕೇಳಿಸಿತು.

ಮ್ಯಾಲನ್


ಹತ್ತನೇ ತಿಂಗಳು ೨೯, ೧೯೧೮

ಮ್ಯಾಲನ್,

ನಿನ್ನೆ ಈಲಮ್ ಬಗ್ಗೆ ಸೈನ್ಯದಿಂದ ತಂತಿ ಬಂತು. ಸ್ಟ್ರೌಡ್ ತಾನೇ ತಂದುಕೊಟ್ಟ. ಬಾಗಿಲಲ್ಲಿ ತಲೆಯ ಟೊಪ್ಪಿ ತೆಗೆದು ನಿಂತಿದ್ದ, ನಾನು ಒಳಗೆ ಕರೆಯಲಿಲ್ಲ. ಟೇಸಿಗೆ ನೀನೇ ಹೇಳು, ನನ್ನ ಕೈಯಲ್ಲಿ ಆಗುವುದಿಲ್ಲ.

ಬರುವ ತಿಂಗಳು ಅವನ ಹೆಸರು ಓದುವುದು ಬೇಡ ಎನ್ನು.

ಓರ್ಪಾ